ತಡೆಯಲಾರದುದೂ ತಡೆಯದುದೂ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಸಭೆಯಲ್ಲಿ ಕನ್ನಡದ ಅಧ್ಯಾಪಕನಾದವನು ನುಡಿಯ ಹಿರಿಮೆಯನ್ನೋ ನಾಡಿನ ಕೀರ್ತಿಯನ್ನೋ ಕುರಿತು ಮಾತನಾಡುವುದು ವಾಡಿಕೆ. ಈ ದಿನ ನಾನು ಆರಿಸಿಕೊಂಡಿರುವುದು ಒಂದೇ ಒಂದು ಪದ. ಅದೂ ಕನ್ನಡದ್ದಲ್ಲ, ಇಂಗ್ಲಿಷಿನದು. ‘ಇನ್‌ಕಾಂಟಿನೆನ್ಸ್’ ಎಂಬುದೇ ಆ ಪದ. ವೈದ್ಯರು ಅದನ್ನು ಒಂದು ಅರ್ಥದಲ್ಲಿ ಬಳಸುತ್ತಾರೆ, ದಾರ್ಶನಿಕರು ಇನ್ನೊಂದು ಅರ್ಥದಲ್ಲಿ. ಈ ಎರಡು ಅರ್ಥಗಳು ಒಂದರೊಡನೊಂದು ಬೆರೆತುಹೋದರೆ ಮನೆಯಲ್ಲಿ ನಿರಪರಾಧಿಯೊಬ್ಬರು ಅಪರಾಧಿಯ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಆದುದರಿಂದ ಇದು ಕೇವಲ ನಿಘಂಟಿನ ವಿಷಯವಲ್ಲ, ನಮ್ಮ ನಮ್ಮ ಮನೆಗಳ ವಿಷಯ.

ಕೆಲವು ತಿಂಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಆಸ್ಪತ್ರೆಯಿಂದ ಬಂದ ಚೀಟಿಯೊಂದನ್ನು ನನ್ನ ಬಳಿಗೆ ತಂದನು. ಅದು ಅವನ ಅಜ್ಜಿಯದು. ರೋಗದ ಹೆಸರುಗಳ ನಡುವೆ ಈ ಪದವಿತ್ತು. ಹುಡುಗನು ಮನೆಯಲ್ಲಿದ್ದ ಹಳೆಯ ಇಂಗ್ಲಿಷ್–ಕನ್ನಡ ನಿಘಂಟನ್ನು ತಾನೇ ತೆರೆದು ನೋಡಿದ್ದನು. ಅಲ್ಲಿ ‘ಅಸಂಯಮ, ಇಂದ್ರಿಯನಿಗ್ರಹವಿಲ್ಲದಿಕೆ, ವಿಷಯಲಂಪಟತೆ’ ಎಂದಿತ್ತಂತೆ. “ಮಾಷ್ಟ್ರೇ, ನಮ್ಮ ಅಜ್ಜಿ ಅಂಥವರಲ್ಲ” ಎಂದನು. ನಿಘಂಟು ಸುಳ್ಳು ಹೇಳಿರಲಿಲ್ಲ, ಅಜ್ಜಿಯೂ ಅಂಥವರಾಗಿರಲಿಲ್ಲ. ಪದಕ್ಕಿರುವ ಎರಡು ಅರ್ಥಗಳಲ್ಲಿ ಆ ಚೀಟಿಗೆ ಸಲ್ಲದ ಅರ್ಥವು ಹುಡುಗನ ಕೈಗೆ ಸಿಕ್ಕಿತ್ತು, ಅಷ್ಟೇ.

ಮೊದಲು ಪದದ ಮೂಲವನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ತೆನೇರೆ’ ಎಂದರೆ ಹಿಡಿ. ಅದಕ್ಕೆ ‘ಕಾನ್’ ಎಂಬ ಉಪಸರ್ಗ ಸೇರಿದರೆ ಒಟ್ಟಾಗಿ ಹಿಡಿದಿಟ್ಟುಕೊಳ್ಳು ಎಂದಾಗುತ್ತದೆ. ಅದರ ಹಿಂದೆ ‘ಇನ್’ ಎಂಬ ನಿಷೇಧವು ಬಂದರೆ ಹಿಡಿದಿಟ್ಟುಕೊಳ್ಳದಿರುವಿಕೆ ಎಂದರ್ಥ. ನಮ್ಮ ‘ಅಸಂಯಮ’ ಎಂಬ ಪದವನ್ನು ಬಿಡಿಸಿ ನೋಡಿದರೆ ಅದೇ ಕಟ್ಟಡವು ಕಾಣುವುದು: ‘ಯಮ್’ ಎಂಬ ಧಾತುವಿಗೆ ಹಿಡಿದು ನಿಲ್ಲಿಸು ಎಂಬ ಅರ್ಥ, ಅದಕ್ಕೆ ‘ಸಂ’ ಎಂಬ ಉಪಸರ್ಗ, ಅದರ ಹಿಂದೆ ‘ಅ’ ಎಂಬ ನಿಷೇಧ. ಎರಡು ದೂರದ ನಾಡುಗಳಲ್ಲಿ ಒಂದೇ ಅಳತೆಯ ಇಟ್ಟಿಗೆಗಳಿಂದ ಎರಡು ಪದಗಳು ಕಟ್ಟಿಕೊಂಡಿವೆ. ಇಂಗ್ಲಿಷಿನಲ್ಲಿ ಮೊದಲು ಬಳಕೆಗೆ ಬಂದುದು ನೀತಿಯ ಅರ್ಥ. ವೈದ್ಯರು ಶತಮಾನಗಳ ಅನಂತರ ಅದೇ ಪದವನ್ನು ಮೂತ್ರವನ್ನೋ ಮಲವನ್ನೋ ಹಿಡಿದಿಟ್ಟುಕೊಳ್ಳಲಾರದ ಸ್ಥಿತಿಗೂ ಬಳಸಿದರು. ಬಾಡಿಗೆಗೆ ತಂದ ಪಾತ್ರೆಯಲ್ಲಿ ಹಿಂದಿನವರ ಅಡಿಗೆಯ ವಾಸನೆ ಉಳಿಯುವಂತೆ, ರೋಗದ ಹೆಸರಿನಲ್ಲಿ ನೀತಿಯ ನಿಂದೆಯ ವಾಸನೆಯು ಉಳಿದುಕೊಂಡಿತು.

ವೈದ್ಯಶಾಸ್ತ್ರವು ಹೇಳುವುದೇನು? ಮೂತ್ರಪಿಂಡಗಳಲ್ಲಿ ಹುಟ್ಟಿದ ಮೂತ್ರವು ಮೂತ್ರಕೋಶದಲ್ಲಿ ಸೇರುತ್ತದೆ. ಬೆಳೆದವರ ಮೂತ್ರಕೋಶವು ಸುಮಾರು 400ರಿಂದ 500 ಮಿಲಿಲೀಟರಿನಷ್ಟನ್ನು ಹಿಡಿಯಬಲ್ಲುದು. ತುಂಬುತ್ತಿರುವಾಗ ಕೋಶದ ಗೋಡೆಯ ಸ್ನಾಯುವು ಸಡಿಲವಾಗಿರಬೇಕು. ಕೆಳಗಿನ ಬಾಗಿಲಿನಲ್ಲಿರುವ ಉಂಗುರದಂತಹ ಸ್ನಾಯುಗಳು ಬಿಗಿಯಾಗಿರಬೇಕು. ಈ ಬಾಗಿಲುಗಳು ಎರಡು. ಒಳಗಿನದು ನಮ್ಮ ಇಚ್ಛೆಗೆ ಒಳಪಟ್ಟುದಲ್ಲ, ಹೊರಗಿನದು ಇಚ್ಛೆಗೆ ಒಳಪಟ್ಟುದು. ಕೋಶವು ತುಂಬಿತೆಂಬ ಸುದ್ದಿಯು ಬೆನ್ನುಹುರಿಯ ಕೆಳಭಾಗದ ಮೂಲಕ ಮಿದುಳಿಗೆ ಹೋಗುತ್ತದೆ. ‘ಈಗ ಸಮಯವಲ್ಲ, ತಾಳು’ ಎಂಬ ಆಜ್ಞೆಯು ಮಿದುಳಿನಿಂದ ಹೊರಡುತ್ತದೆ. ಎಳೆಯ ಮಗುವಿನಲ್ಲಿ ಈ ಆಜ್ಞೆಯ ದಾರಿಯು ಇನ್ನೂ ಪಕ್ವವಾಗಿರುವುದಿಲ್ಲ. ಐದು ವರ್ಷದೊಳಗಿನ ಮಗು ರಾತ್ರಿ ಹಾಸಿಗೆಯನ್ನು ಒದ್ದೆಮಾಡಿದರೆ ವೈದ್ಯರು ಅದನ್ನು ರೋಗವೆಂದು ಎಣಿಸುವುದಿಲ್ಲ. ಎಂದ ಮೇಲೆ ತಡೆಯುವ ಶಕ್ತಿಯು ಹುಟ್ಟಿನೊಂದಿಗೆ ಬಂದುದೂ ಅಲ್ಲ, ಪುಣ್ಯದಿಂದ ಗಳಿಸಿದುದೂ ಅಲ್ಲ. ನರಗಳೂ ಸ್ನಾಯುಗಳೂ ಕೂಡಿ ನಮಗೆ ಮಾಡಿಕೊಟ್ಟ ಒಂದು ಉಪಕಾರ.

ಈ ಉಪಕಾರವು ಹಲವು ವಿಧವಾಗಿ ತಪ್ಪಬಹುದು. ಹೆರಿಗೆಗಳಿಂದ ಕಿಬ್ಬೊಟ್ಟೆಯ ಕೆಳಗಿನ ಸ್ನಾಯುಗಳು ಸಡಿಲಗೊಂಡ ತಾಯಿಗೆ ಕೆಮ್ಮಿದಾಗ, ಸೀನಿದಾಗ, ಕೊಡವನ್ನೆತ್ತಿದಾಗ ಕೆಲವು ಹನಿ ಜಾರುತ್ತದೆ. ಇನ್ನು ಕೆಲವರಿಗೆ ಅವಸರವು ಒಮ್ಮೆಗೇ ಹುಟ್ಟಿ, ಬಚ್ಚಲಿಗೆ ಮುಟ್ಟುವುದರೊಳಗೆ ಹಿಡಿತ ತಪ್ಪುತ್ತದೆ. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯು ದೊಡ್ಡದಾಗಿ ದಾರಿಯನ್ನು ಒತ್ತಿದರೆ, ಕೋಶವು ಪೂರ್ತಿಯಾಗಿ ಖಾಲಿಯಾಗದೆ, ತುಂಬಿದ ಕೆರೆಯ ಕೋಡಿಯಂತೆ ಹನಿಹನಿಯಾಗಿ ಹೊರಸೂಸುತ್ತದೆ. ಪಾರ್ಶ್ವವಾಯು, ಕಂಪವಾಯು, ಬಹುಕಾಲದ ಸಕ್ಕರೆ ಕಾಯಿಲೆ, ಮರೆವಿನ ರೋಗ ಇವು ಆಜ್ಞೆಯ ದಾರಿಯನ್ನೇ ಕೆಡಿಸಬಲ್ಲವು. ಮೂತ್ರದ ಸೋಂಕು, ಮಲಬದ್ಧತೆ, ರಕ್ತದ ಒತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಇವೂ ಕಾರಣಗಳಾಗುವುದುಂಟು. ಕೋಶ, ನರ ಎಲ್ಲವೂ ಸರಿಯಾಗಿದ್ದು, ಮೊಣಕಾಲಿನ ನೋವಿನಿಂದ ಅಂಗಳವನ್ನು ದಾಟಿ ಶೌಚಾಲಯವನ್ನು ಸೇರುವಷ್ಟರಲ್ಲಿ ತಡವಾಯಿತೆಂಬ ಒಂದೇ ಕಾರಣದಿಂದ ಉಡುಪು ಒದ್ದೆಯಾಗುವವರೂ ಇದ್ದಾರೆ. ಅಂಥವರಿಗೆ ಬೇಕಾದುದು ಔಷಧವಲ್ಲ. ಹತ್ತಿರದಲ್ಲಿ ಒಂದು ಕಮೋಡು, ದಾರಿಯಲ್ಲಿ ಒಂದು ದೀಪ.

ಈಗ ದರ್ಶನದ ಕಡೆಗೆ ತಿರುಗೋಣ. ಗ್ರೀಕರು ಇದನ್ನು ‘ಅಕ್ರಾಸಿಯಾ’ ಎಂದರು. ತನ್ನ ಮೇಲೆ ತನಗೇ ಒಡೆತನವಿಲ್ಲದಿರುವುದು ಎಂದರ್ಥ. ಒಳ್ಳೆಯದಾವುದೆಂದು ಬಲ್ಲವನು ಕೆಟ್ಟುದನ್ನೇಕೆ ಮಾಡುತ್ತಾನೆ? ಇದು ಪ್ರಶ್ನೆ. ಪ್ಲೇಟೋ ಬರೆದ ‘ಪ್ರೊಟಾಗೊರಸ್’ ಎಂಬ ಸಂವಾದದಲ್ಲಿ ಸಾಕ್ರಟೀಸನು ಅಂತಹ ಸ್ಥಿತಿಯೇ ಇಲ್ಲವೆಂದು ವಾದಿಸುತ್ತಾನೆ. ನಿಜವಾಗಿ ಬಲ್ಲವನು ಕೆಡಕನ್ನು ಮಾಡಲಾರನು, ಮಾಡಿದನೆಂದರೆ ಅವನ ಅರಿವೇ ಅರೆಯಾದುದು ಎಂಬುದು ಅವನ ನಿಲುವು. ಅರಿಸ್ಟಾಟಲನು (ಕ್ರಿ.ಪೂ. 384–322) ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಅವನ ‘ನಿಕೊಮೇಕಿಯನ್ ನೀತಿಶಾಸ್ತ್ರ’ದ ಏಳನೆಯ ಪುಸ್ತಕದ ಬಹುಭಾಗವು ಈ ಒಂದು ಪ್ರಶ್ನೆಗೇ ಮೀಸಲಾಗಿದೆ. ಸ್ವೇಚ್ಛಾಚಾರಿಯೇ ಬೇರೆ, ಅಸಂಯಮಿಯೇ ಬೇರೆ ಎಂದು ಅವನು ಹೇಳುತ್ತಾನೆ. ಸ್ವೇಚ್ಛಾಚಾರಿಯು ಸುಖವನ್ನು ಬೆನ್ನಟ್ಟುವುದೇ ಸರಿಯೆಂದು ತೀರ್ಮಾನಿಸಿರುವವನು, ಅವನಿಗೆ ಪಶ್ಚಾತ್ತಾಪವಿಲ್ಲ. ಅಸಂಯಮಿಯ ತೀರ್ಮಾನವು ಸರಿಯಾಗಿಯೇ ಇರುತ್ತದೆ. ಅದರಂತೆ ಅವನು ನಡೆಯುವುದಿಲ್ಲ, ಅನಂತರ ಪಶ್ಚಾತ್ತಾಪಪಡುತ್ತಾನೆ. ಒಳ್ಳೆಯ ಕಾನೂನುಗಳನ್ನು ಮಾಡಿಟ್ಟುಕೊಂಡು ಒಂದನ್ನೂ ಜಾರಿಗೆ ತರದ ನಗರಕ್ಕೆ ಅವನನ್ನು ಅರಿಸ್ಟಾಟಲನು ಹೋಲಿಸುತ್ತಾನೆ.

ಅಸಂಯಮದಲ್ಲಿಯೂ ಅವನು ಎರಡು ಬಗೆಗಳನ್ನು ಕಂಡನು: ವಿಚಾರಿಸುವ ಮೊದಲೇ ನುಗ್ಗುವುದು ಒಂದು, ವಿಚಾರಿಸಿಯೂ ನಿಲ್ಲಲಾರದಿರುವುದು ಇನ್ನೊಂದು. ನಮ್ಮವರಿಗೆ ಇದನ್ನು ತಿಳಿಸಲು ಭಾರತದ ಕಥೆಯೇ ಸಾಕು. ಸಮಾಗಮವೇ ಮರಣವೆಂಬ ಶಾಪವನ್ನು ಚೆನ್ನಾಗಿ ಬಲ್ಲ ಪಾಂಡುವು ವಸಂತದ ವನದಲ್ಲಿ ಮಾದ್ರಿಯ ಕಡೆಗೆ ನುಗ್ಗಿದುದು ಮೊದಲನೆಯ ಬಗೆ. ಜೂಜಿನಿಂದ ಸರ್ವಸ್ವವನ್ನೂ ಕಳೆದುಕೊಂಡು, ಧೃತರಾಷ್ಟ್ರನು ಅದನ್ನು ಹಿಂದಿರುಗಿಸಿದ ಮೇಲೆಯೂ ಎರಡನೆಯ ಸಲ ಕರೆ ಬಂದಾಗ ಧರ್ಮರಾಯನು ಮತ್ತೆ ಪಗಡೆಯ ಹಾಸಿನ ಮುಂದೆ ಕುಳಿತುದು ಎರಡನೆಯ ಬಗೆ. ನಮ್ಮ ಕಾಸರಗೋಡಿನ ತಾಳಮದ್ದಳೆಯ ಅರ್ಥಧಾರಿಗಳು ಧರ್ಮರಾಯನ ಪರವಾಗಿ ಬೆಳಗಿನವರೆಗೂ ಸಮರ್ಥನೆಯನ್ನು ಹೇಳಬಲ್ಲರು. ಹಿರಿಯರ ಆಜ್ಞೆ, ಕ್ಷತ್ರಿಯನ ವ್ರತ, ದೈವದ ಬಲ, ಎಲ್ಲವೂ ಬರುತ್ತದೆ. ಆದರೆ ಸಮರ್ಥನೆಯು ಅಷ್ಟು ದೀರ್ಘವಾಗಬೇಕಾಗಿ ಬಂದುದೇ ಧರ್ಮರಾಯನಿಗೆ ಫಲವು ಮೊದಲೇ ತಿಳಿದಿತ್ತೆಂಬುದಕ್ಕೆ ಸಾಕ್ಷಿ.

ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನನ ಪ್ರಶ್ನೆಯೂ ಇದೇ: ತನಗೆ ಇಷ್ಟವಿಲ್ಲದಿದ್ದರೂ ಬಲಾತ್ಕಾರಕ್ಕೊಳಗಾದವನಂತೆ ಮನುಷ್ಯನು ಪಾಪಕ್ಕೆ ಇಳಿಯುವುದು ಯಾವುದರಿಂದ? ಕಾಮವೂ ಕ್ರೋಧವೂ ಎಂದು ಕೃಷ್ಣನು ಉತ್ತರಿಸುತ್ತಾನೆ. ಕಠೋಪನಿಷತ್ತು ದೇಹವನ್ನು ರಥಕ್ಕೂ, ಬುದ್ಧಿಯನ್ನು ಸಾರಥಿಗೂ, ಮನಸ್ಸನ್ನು ಲಗಾಮಿಗೂ, ಇಂದ್ರಿಯಗಳನ್ನು ಕುದುರೆಗಳಿಗೂ ಹೋಲಿಸುತ್ತದೆ. ಈ ಹೋಲಿಕೆಯಿಂದಲೇ ನಮ್ಮ ಎರಡು ಅರ್ಥಗಳನ್ನು ಬೇರ್ಪಡಿಸಬಹುದು. ಸಾರಥಿಯು ಎಚ್ಚರವಾಗಿದ್ದು, ಲಗಾಮು ಕೈಯಲ್ಲಿದ್ದು, ಎಳೆಯದೆ ಹೋದರೆ ಅದು ದಾರ್ಶನಿಕರು ಹೇಳುವ ಅಸಂಯಮ. ಸಾರಥಿಯು ಎಳೆಯುತ್ತಲೇ ಇದ್ದು, ಲಗಾಮೇ ಹರಿದುಹೋಗಿದ್ದರೆ ಅದು ವೈದ್ಯರು ಹೇಳುವ ರೋಗ. ಹರಿದ ಲಗಾಮಿಗಾಗಿ ಸಾರಥಿಯನ್ನು ಬೈಯುವುದು ನ್ಯಾಯವಲ್ಲ. ಅರಿಸ್ಟಾಟಲನೂ ಇದನ್ನು ಬಲ್ಲವನಾಗಿದ್ದನು. ಪ್ರಕೃತಿಯೇ ಕಾರಣವಾದಲ್ಲಿ ಯಾರನ್ನೂ ಅಸಂಯಮಿ ಎನ್ನಲಾಗದೆಂದು ಅವನು ಸ್ಪಷ್ಟವಾಗಿಯೇ ಹೇಳಿದ್ದಾನೆ. ಅವನ ತಂದೆ ಮಕೆದೋನಿಯದ ಅರಸನಿಗೆ ವೈದ್ಯನಾಗಿದ್ದವನು ಎಂಬುದನ್ನು ಇಲ್ಲಿ ನೆನೆಯಬಹುದು.

ಎರಡರ ನಡುವೆ ಮಸುಕಾದ ಎಲ್ಲೆಯೂ ಇದೆ. ಕುಡಿತದ ಚಟವು ಆಯ್ಕೆಯಲ್ಲಿ ಮೊದಲಾಗಿ ರೋಗದಲ್ಲಿ ಮುಗಿಯುತ್ತದೆ. ಅಲ್ಲಿ ಉಪದೇಶವೂ ಬೇಕು, ಚಿಕಿತ್ಸೆಯೂ ಬೇಕು. ಇತ್ತ ಮೂತ್ರದ ರೋಗದಲ್ಲಿಯೂ ಇಚ್ಛಾಶಕ್ತಿಗೆ ಸ್ಥಾನವಿಲ್ಲದಿಲ್ಲ. ಆರ್ನಲ್ಡ್ ಕೆಗೆಲ್ ಎಂಬ ಅಮೆರಿಕದ ಸ್ತ್ರೀರೋಗತಜ್ಞನು 1948ರಲ್ಲಿ ಒಂದು ಸುಲಭವಾದ ವ್ಯಾಯಾಮವನ್ನು ಪ್ರಚಾರಕ್ಕೆ ತಂದನು. ಮೂತ್ರವನ್ನು ತಡೆಯುವಾಗ ಬಿಗಿಯುವ ಸ್ನಾಯುಗಳನ್ನೇ ದಿನಕ್ಕೆ ಹಲವು ಬಾರಿ ಬಿಗಿದು ಸಡಿಲಿಸುವುದು, ಅದನ್ನು ಮೂರು ತಿಂಗಳಾದರೂ ಬಿಡದೆ ಮಾಡುವುದು. ಹೆರಿಗೆಯ ಅನಂತರ ಹಿಡಿತ ತಪ್ಪಿದ ಎಷ್ಟೋ ತಾಯಂದಿರಿಗೆ ಇದರಿಂದ ಗುಣ ಸಿಕ್ಕಿದೆ. ಗಡಿಯಾರವನ್ನು ನೋಡಿಕೊಂಡು ಹೊತ್ತುಹೊತ್ತಿಗೆ ಮೂತ್ರಕ್ಕೆ ಹೋಗುವ ಅಭ್ಯಾಸ, ಚಹಾ ಕಾಫಿಗಳನ್ನು ಮಿತಗೊಳಿಸುವುದು, ಸೋಂಕಿಗೆ ಔಷಧ, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆ ಇವೆಲ್ಲವೂ ಇವೆ. ಆದರೆ ಚಿಕಿತ್ಸೆಯ ಮೊದಲ ಮೆಟ್ಟಿಲು ಬಾಯಿಬಿಟ್ಟು ಹೇಳುವುದು. ಆ ಮೆಟ್ಟಿಲಿಗೇ ನಾಚಿಕೆಯು ಅಡ್ಡ ನಿಂತಿದೆ.

ನಾಚಿಕೆಯ ಬಲವೆಷ್ಟೆಂಬುದಕ್ಕೆ ದೂರದ ಇಥಿಯೋಪಿಯದ ಒಂದು ನಿದರ್ಶನವನ್ನು ಹೇಳುತ್ತೇನೆ. ದಿನಗಟ್ಟಲೆ ಹೆರಿಗೆಯಾಗದೆ ನರಳಿದ ತಾಯಿಯ ಮೂತ್ರಕೋಶದಲ್ಲಿ ರಂಧ್ರವಾಗಿ, ಮೂತ್ರವು ಹಗಲಿರುಳೂ ಸೋರುತ್ತಿರುವುದುಂಟು. ಅಲ್ಲಿ ಅಂತಹ ಎಷ್ಟೋ ಹೆಣ್ಣುಮಕ್ಕಳನ್ನು ಗಂಡಂದಿರು ತೊರೆದರು, ಊರವರು ದೂರವಿಟ್ಟರು. ಆಸ್ಟ್ರೇಲಿಯದಿಂದ ಹೋದ ಕ್ಯಾಥರೀನ್ ಹ್ಯಾಮ್ಲಿನ್ ಎಂಬ ವೈದ್ಯೆಯೂ ಆಕೆಯ ಪತಿಯೂ 1974ರಲ್ಲಿ ಅಡಿಸ್ ಅಬಾಬದಲ್ಲಿ ಇವರಿಗಾಗಿಯೇ ಒಂದು ಆಸ್ಪತ್ರೆಯನ್ನು ಕಟ್ಟಿದರು. ಶಸ್ತ್ರಚಿಕಿತ್ಸೆಯಿಂದ ಸಹಸ್ರಾರು ಹೆಂಗಸರು ಗುಣಮುಖರಾದರು. ಆ ತಾಯಂದಿರು ಮಾಡಿದ ತಪ್ಪೇನು? ಏನೂ ಇಲ್ಲ. ಹೊಲಿಗೆಯಿಂದ ಮುಚ್ಚಬಹುದಾದ ರಂಧ್ರವನ್ನು ಜನರು ಶೀಲದ ಕಳಂಕವೆಂಬಂತೆ ಕಂಡರು. ನಮ್ಮಲ್ಲಿ ಅಷ್ಟು ಕ್ರೌರ್ಯವಿಲ್ಲದಿರಬಹುದು. ಆದರೂ ಬಯಲಾಟವೆಂದರೆ ಪ್ರಾಣಬಿಡುತ್ತಿದ್ದ ಅಜ್ಜನು ‘ನಿದ್ದೆ ಕೆಡುತ್ತದೆ’ ಎಂಬ ನೆವವನ್ನು ಹೇಳಿ ಮನೆಯಲ್ಲಿಯೇ ಉಳಿಯುತ್ತಾನೆ. ಮದುವೆಮನೆಗೆ ಕರೆದರೆ ಅತ್ತೆಯು ‘ಕಾಲುನೋವು’ ಎನ್ನುತ್ತಾಳೆ. ನಿಜವಾದ ಕಾರಣವನ್ನು ಮಗನಿಗೂ ಹೇಳುವುದಿಲ್ಲ, ಸೊಸೆಗೂ ಹೇಳುವುದಿಲ್ಲ.

ಇಲ್ಲಿ ನಮ್ಮ ಆಯುರ್ವೇದದ ಆಚಾರ್ಯರು ಹೇಳಿರುವ ಒಂದು ಮಾತು ನನಗೆ ಬಹಳ ಬೆಲೆಯುಳ್ಳದ್ದಾಗಿ ತೋರುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ‘ವೇಗ’ಗಳನ್ನು ಕುರಿತದ್ದು. ವೇಗವೆಂದರೆ ಒಳಗಿನಿಂದ ಒತ್ತರಿಸಿ ಬರುವ ತುಡಿತ. ಮೂತ್ರ, ಮಲ, ಶುಕ್ರ, ಅಧೋವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ, ಆಯಾಸದ ಉಸಿರು, ಈ ಹದಿಮೂರು ವೇಗಗಳನ್ನು ತಡೆಯಕೂಡದು, ತಡೆದರೆ ರೋಗಗಳು ಹುಟ್ಟುತ್ತವೆ ಎಂದು ಚರಕನು ವಿಧಿಸುತ್ತಾನೆ. ಅದೇ ಅಧ್ಯಾಯದಲ್ಲಿ, ಅದೇ ‘ವೇಗ’ ಎಂಬ ಪದದಿಂದ, ತಡೆಯಲೇಬೇಕಾದುವುಗಳ ಪಟ್ಟಿಯನ್ನೂ ಕೊಡುತ್ತಾನೆ: ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ನಿರ್ಲಜ್ಜತೆ, ಈರ್ಷ್ಯೆ, ಅತಿಯಾದ ಆಸಕ್ತಿ, ಪರರ ಸೊತ್ತಿನ ಆಸೆ, ಇವಲ್ಲದೆ ಒರಟು ಮಾತು, ಚಾಡಿಮಾತು, ಸುಳ್ಳು ಮಾತು, ಹೊತ್ತಲ್ಲದ ಹೊತ್ತಿನ ಮಾತು. ದೇಹದ ವೇಗವನ್ನು ಬಿಡು, ಮನಸ್ಸಿನ ವೇಗವನ್ನು ಹಿಡಿ. ಅಧ್ಯಾಯದ ಸಾರವು ಇಷ್ಟೇ. ಪಾಶ್ಚಾತ್ಯರು ಒಂದು ಪದದಲ್ಲಿ ಬೆರಸಿದುದನ್ನು ಚರಕನು ಒಂದು ಪದದಿಂದಲೇ ಬೇರ್ಪಡಿಸಿದ್ದಾನೆ.

ಮಹನೀಯರೇ, ನಾವು ನಡೆಯುತ್ತಿರುವುದು ಇದಕ್ಕೆ ನೇರ ವಿರುದ್ಧವಾಗಿ. ಬಿಡಬೇಕಾದುದನ್ನು ಹಿಡಿಸುತ್ತೇವೆ, ಹಿಡಿಯಬೇಕಾದುದನ್ನು ಬಿಡುತ್ತೇವೆ. ಶುಚಿಯಾದ ಶೌಚಾಲಯವಿಲ್ಲದ ಕಡೆ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುವುದಿಲ್ಲ. ದೂರದ ಬಸ್ಸಿನಲ್ಲಿ ಹೋಗುವ ಹೆಂಗಸರೂ ಹಾಗೆಯೇ. ನೀರು ಕಡಮೆಯಾದರೆ ಮೂತ್ರವು ಗಾಢವಾಗುತ್ತದೆ, ಕೋಶವು ಕೆರಳುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ತಪ್ಪಿಸಿಕೊಳ್ಳಲು ಮಾಡಿದ ಉಪಾಯವೇ ರೋಗವನ್ನು ಕರೆತರುತ್ತದೆ. ಇದು ಒಂದು ಕಡೆ. ಇನ್ನೊಂದು ಕಡೆ, ಲಕ್ವ ಹೊಡೆದು ಮಲಗಿರುವ ತಂದೆಯ ಹಾಸಿಗೆ ರಾತ್ರಿ ಎರಡನೆಯ ಬಾರಿ ಒದ್ದೆಯಾದಾಗ ದಣಿದ ಮಗನ ಬಾಯಿಂದ ಒಂದು ಮಾತು ಹೊರಬೀಳುತ್ತದೆ. ತಂದೆಯು ಗೋಡೆಯ ಕಡೆಗೆ ಮುಖವನ್ನು ತಿರುಗಿಸುತ್ತಾನೆ. ಆ ಮನೆಯಲ್ಲಿ ಅಸಂಯಮವೆಂಬುದು ಇದ್ದರೆ ಅದು ಹಾಸಿಗೆಯಲ್ಲಿಲ್ಲ, ಆ ಮಾತಿನಲ್ಲಿದೆ. ತಂದೆಗೆ ತಡೆಯಲು ಶಕ್ತಿಯಿರಲಿಲ್ಲ. ಮಗನಿಗೆ ಶಕ್ತಿಯಿತ್ತು, ಅರಿವೂ ಇತ್ತು, ಆದರೂ ತಡೆಯಲಿಲ್ಲ.

ಆ ಮಗನ ಮೇಲೆ ಕಲ್ಲೆಸೆಯಬೇಕೆಂದು ನಾನು ಹೇಳುವುದಿಲ್ಲ. ಕ್ರೋಧದ ಅಸಂಯಮವು ಭೋಗದ ಅಸಂಯಮಕ್ಕಿಂತ ಕಡಮೆ ಹೇಯವೆಂದು ಅರಿಸ್ಟಾಟಲನು ಹೇಳುತ್ತಾನೆ. ಯಜಮಾನನ ಮಾತನ್ನು ಪೂರ್ತಿ ಕೇಳಿಸಿಕೊಳ್ಳದೆ ಓಡಿ, ಕೆಲಸವನ್ನು ಕೆಡಿಸುವ ಆತುರದ ಆಳಿನಂತೆ ಕ್ರೋಧ. ಕದ ತಟ್ಟಿದ ಸದ್ದಾದೊಡನೆ, ಬಂದವನು ನೆಂಟನೋ ಕಳ್ಳನೋ ಎಂದು ನೋಡದೆ ಬೊಗಳುವ ನಾಯಿಯಂತೆ ಕ್ರೋಧ ಎಂಬುದು ಅವನ ಹೋಲಿಕೆ. ಹಗಲಿಡೀ ದುಡಿದು, ರಾತ್ರಿಯಿಡೀ ಶುಶ್ರೂಷೆ ಮಾಡುವವರು ಹೆಚ್ಚಾಗಿ ಮನೆಯ ಹೆಂಗಸರು; ಅವರ ದಣಿವು ಸಣ್ಣದಲ್ಲ. ಒಬ್ಬರ ಹೆಗಲಿನ ಮೇಲೆಯೇ ಎಲ್ಲವನ್ನೂ ಹೇರಿ, ಅನಂತರ ಅವರಿಗೆ ಸಂಯಮದ ಉಪದೇಶ ಮಾಡುವುದೂ ಅನ್ಯಾಯವೇ. ಸರದಿಯಂತೆ ಎದ್ದು ಹಾಸಿಗೆ ಬದಲಿಸುವ ಮನೆಯಲ್ಲಿ ಒರಟು ಮಾತುಗಳು ತಾವಾಗಿಯೇ ಕಡಮೆಯಾಗುತ್ತವೆ. ಸಂಯಮವು ಒಬ್ಬರ ಗುಣವಷ್ಟೇ ಅಲ್ಲ, ಮನೆಯ ಏರ್ಪಾಡೂ ಹೌದು.

ಗಡಿನಾಡಿನ ಕನ್ನಡಿಗರಾದ ನಮಗೆ ಇನ್ನೊಂದು ತೊಡಕಿದೆ. ಕೇರಳ ಸರ್ಕಾರವು 2008ರಲ್ಲಿ ಪಾಲಿಯೇಟಿವ್ ಶುಶ್ರೂಷೆಯ ನೀತಿಯನ್ನು ಪ್ರಕಟಿಸಿತು. ಅದರ ಮೇರೆಗೆ ಪಂಚಾಯತಿಗಳ ಮೂಲಕ ದಾದಿಯರು ಹಾಸಿಗೆ ಹಿಡಿದವರ ಮನೆಗಳಿಗೇ ಬರುತ್ತಾರೆ. ಇದು ನಮ್ಮ ಭಾಗ್ಯ. ಬಂದ ದಾದಿಯು ಮಲಯಾಳದಲ್ಲಿ ಕೇಳುತ್ತಾಳೆ. ನಮ್ಮ ಅಜ್ಜಿಗೆ ಪೇಟೆಯ ವ್ಯವಹಾರಕ್ಕೆ ಬೇಕಾದಷ್ಟು ಮಲಯಾಳ ಬಂದೀತು. ನಾಚಿಕೆಯ ವಿಷಯವನ್ನು ಹೇಳುವಷ್ಟು ಬಾರದು. ಕಲಿತ ಮೊಮ್ಮಗನು ನಡುವೆ ನಿಂತು ಅನುವಾದ ಮಾಡಬೇಕಾಗುತ್ತದೆ. ಆ ಹೊತ್ತಿಗೆ ಅವನ ಬಾಯಲ್ಲಿ ನಿಂದೆಯಿಲ್ಲದ ಒಂದು ಮಾತು ಇರಬೇಕು. ‘ಅಸಂಯಮ’ ಎಂಬ ಪದವನ್ನು ನಾವು ನಡತೆಗೆ ಮಾತ್ರ ಉಳಿಸಿಕೊಳ್ಳೋಣ. ರೋಗಕ್ಕೆ ‘ಮೂತ್ರದ ಹಿಡಿತ ತಪ್ಪುವುದು’ ಎಂಬ ಸರಳವಾದ ಮಾತೇ ಸಾಕು. ಕೈಯ ಹಿಡಿತ ತಪ್ಪಿದರೆ ಲೋಟ ಬೀಳುತ್ತದೆ; ಯಾರೂ ಅದನ್ನು ಪಾಪವೆನ್ನುವುದಿಲ್ಲ. ಇದೂ ಹಾಗೆಯೇ.

ನಮ್ಮ ಸಂಘವು ಕನ್ನಡ ಶಾಲೆಗಳಿಗಾಗಿ, ಕನ್ನಡದ ಹಕ್ಕುಗಳಿಗಾಗಿ ದುಡಿಯುತ್ತಿರುವುದು ಸರಿಯಷ್ಟೆ. ಅದರೊಂದಿಗೆ, ರೋಗಿಗಳ ಮನೆಯವರಿಗೆ ಉಪಯೋಗವಾಗುವಂತೆ ಇಂತಹ ನಾಲ್ಕೈದು ಡಜನ್ ಮಾತುಗಳನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಅಚ್ಚುಹಾಕಿಸಿ ಹಂಚಿದರೆ ಅದೂ ಭಾಷಾಸೇವೆಯೇ ಆದೀತು. ಒಂದು ಭಾಷೆಯು ಸಭೆಗಳಲ್ಲಿ ಮೊಳಗುವುದರಿಂದ ಮಾತ್ರ ಬದುಕುವುದಿಲ್ಲ. ಮುದುಕಿಯೊಬ್ಬಳು ತನ್ನ ನೋವನ್ನು ನಾಚಿಕೆಯಿಲ್ಲದೆ ಅದರಲ್ಲಿ ಹೇಳಿಕೊಳ್ಳುವಂತಾದಾಗಲೂ ಬದುಕುತ್ತದೆ.